ಕಬ್ಬು, ಭತ್ತ, ರಾಗಿ-ಹಸು, ರೇಷ್ಮೆ: ನಾಲೆಯ ಕೊನೆಯ ಎರಡು ಎಕರೆಗೆ ಯಾವುದು?

ಮಂಡ್ಯದ ಕಡೆ ಇಬ್ಬರು ರೈತರು ಎದುರಾದರೆ ಮೊದಲು ಕೇಳಿಕೊಳ್ಳುವುದು "ಎಕರೆಗೆ ಎಷ್ಟು ಬಂತು?" ಎಂದು. ನಾನೂ ಬಹಳ ಕಾಲ ಅದನ್ನೇ ಕೇಳುತ್ತಿದ್ದೆ. 2023ರಲ್ಲಿ ಮುಂಗಾರು ಕೈಕೊಟ್ಟು ಕನ್ನಂಬಾಡಿ ಕಟ್ಟೆ ತುಂಬದೆ ಹೋದ ವರ್ಷ, ಮದ್ದೂರು ತಾಲ್ಲೂಕಿನ ನಮ್ಮ ಎರಡು ಎಕರೆಯ ಕೂಳೆ ಕಬ್ಬು (ಕಡಿದ ಬುಡದಿಂದ ಮತ್ತೆ ಚಿಗುರಿದ್ದು) ಎದೆಯೆತ್ತರಕ್ಕೂ ಬಾರದೆ ಗರಿ ಮುದುಡಿಕೊಂಡು ನಿಂತಿತು. ಅದೇ ಬೀದಿಯಲ್ಲಿ ನಮ್ಮ ಚಿಕ್ಕಮ್ಮ ಮುಕ್ಕಾಲು ಎಕರೆ ರಾಗಿ ಕೊಯ್ದು ಮೆದೆ ಒಟ್ಟಿ, ಎರಡು ಹಸುವಿನ ಹಾಲಿನ ಬಟವಾಡೆಯಲ್ಲಿ ಮನೆ ನಡೆಸಿದರು. ಎಕರೆ ಲೆಕ್ಕದಲ್ಲಿ ಅವರು ನಮಗಿಂತ ಬಡವರು. ಆ ವರ್ಷ ಸಾಲ ಕೇಳಲು ಹೋದವರು ನಾವು.

ಅಲ್ಲಿಂದ ನನ್ನ ಪ್ರಶ್ನೆ ಬದಲಾಯಿತು. ನಾಲೆಗೆ ನೀರು ಬಾರದ ವರ್ಷ ಮನೆಯಲ್ಲಿ ಏನು ಉಳಿಯುತ್ತದೆ? ಈ ಹೋಲಿಕೆ ಹೊರಟಿರುವುದು ಅಲ್ಲಿಂದ. ಒಂದರಿಂದ ಮೂರು ಎಕರೆ ಇರುವ, ಕನ್ನಂಬಾಡಿಯಿಂದ ಬರುವ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದ, ಅಂದರೆ ಮದ್ದೂರು, ಮಳವಳ್ಳಿ ಕಡೆಯ ಕುಟುಂಬಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ತೂಬಿನ ಬುಡದಲ್ಲೇ ಗದ್ದೆ ಇರುವವರ ಉತ್ತರ ಬೇರೆಯಾಗಬಹುದು. ಅದನ್ನೂ ಅಲ್ಲಲ್ಲಿ ಹೇಳುತ್ತೇನೆ.

ಮೊದಲು ನೀರಿನ ಲೆಕ್ಕ

ಒಂದು ಎಕರೆಯ ಮೇಲೆ ಒಂದು ಮಿಲಿಮೀಟರ್ ನೀರು ಹರಡಿದರೆ ಅದು ಸುಮಾರು 4,047 ಲೀಟರ್. ಕಬ್ಬಿಗೆ ಬೆಳೆಯ ಅವಧಿಯಲ್ಲಿ 1,500ರಿಂದ 2,500 ಮಿಲಿಮೀಟರ್ ನೀರು ಬೇಕು ಎನ್ನುತ್ತದೆ ಕೃಷಿ ವಿಜ್ಞಾನ. ನಡುವಿನ 2,000 ಹಿಡಿದರೆ ಎಕರೆಗೆ 81 ಲಕ್ಷ ಲೀಟರ್. ನೀರು ನಿಲ್ಲಿಸಿ ಬೆಳೆಯುವ ಭತ್ತಕ್ಕೆ 1,200 ಮಿಲಿಮೀಟರ್ ಹಿಡಿದರೆ ಸುಮಾರು 48.5 ಲಕ್ಷ ಲೀಟರ್. ರಾಗಿಗೆ 400 ಮಿಲಿಮೀಟರ್, ಅಂದರೆ 16 ಲಕ್ಷ ಲೀಟರ್.

ಮಂಡ್ಯದಲ್ಲಿ ವರ್ಷವೆಲ್ಲ ಸುರಿಯುವ ಮಳೆಯೇ 700 ಮಿಲಿಮೀಟರ್ ಆಸುಪಾಸು. ಮಳೆ ಹೊತ್ತಿಗೆ ಸರಿಯಾಗಿ ಹಂಚಿ ಬಿದ್ದರೆ ರಾಗಿ ಮಳೆಯಲ್ಲೇ ಬೆಳೆದುಕೊಳ್ಳುತ್ತದೆ. ಕಬ್ಬಿಗೆ ಬೇಕಾದ ನೀರಿನ ಮೂರನೇ ಎರಡು ಪಾಲು ನಾಲೆಯಿಂದಲೋ ಕೊಳವೆಬಾವಿಯಿಂದಲೋ ಬರಲೇಬೇಕು.

ಇದಕ್ಕೆ ಹಣದ ಲೆಕ್ಕ ಸೇರಿಸೋಣ. 2025–26ಕ್ಕೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಕಬ್ಬಿನ ನ್ಯಾಯಯುತ ಬೆಲೆ, ಶೇ 10.25 ಸಕ್ಕರೆ ಇಳುವರಿಗೆ, ಟನ್ನಿಗೆ 3,550 ರೂಪಾಯಿ. ಅದೇ ವರ್ಷದ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ 2,369, ರಾಗಿಗೆ 4,886. ಲೆಕ್ಕಕ್ಕಾಗಿ ಎಕರೆಗೆ 40 ಟನ್ ಕಬ್ಬು, 24 ಕ್ವಿಂಟಲ್ ಭತ್ತ, 15 ಕ್ವಿಂಟಲ್ ರಾಗಿ ಎಂದಿಟ್ಟುಕೊಳ್ಳಿ. ಕಬ್ಬಿಗೆ 1,42,000, ಭತ್ತಕ್ಕೆ 56,856, ರಾಗಿಗೆ 73,290 ರೂಪಾಯಿ. ಖರ್ಚು ಕಳೆದಿಲ್ಲ. ಕಬ್ಬು ವರ್ಷದ ಬೆಳೆ, ಉಳಿದೆರಡು ನಾಲ್ಕು ತಿಂಗಳು ಚಿಲ್ಲರೆ ಎಂಬುದೂ ನೆನಪಿರಲಿ.

ಎಕರೆಗೆ ನೋಡಿದರೆ ಕಬ್ಬು ಗೆದ್ದಂತೆ. ಆದರೆ ಒಂದು ಲಕ್ಷ ಲೀಟರ್ ನೀರಿಗೆ ಎಷ್ಟು ದುಡಿಯಿತು ಎಂದು ನೋಡಿ: ಕಬ್ಬು ಸುಮಾರು 1,750 ರೂಪಾಯಿ, ಭತ್ತ 1,170, ರಾಗಿ 4,500. ನಿಮ್ಮ ಇಳುವರಿ, ನಿಮ್ಮ ಊರಿನ ಬೆಲೆ ಹಾಕಿಕೊಂಡು ಈ ಲೆಕ್ಕವನ್ನು ಚೀಟಿಯ ಮೇಲೆ ನೀವೇ ಮಾಡಿ. ರಾಗಿಯನ್ನು ಬೆಂಬಲ ಬೆಲೆಗೆ ಕೊಡಲು ನೋಂದಣಿ, ಖರೀದಿ ಮಿತಿ, ಸರದಿ ಎಲ್ಲ ಉಂಟು. ಸಂತೆಯ ಬೆಲೆ ಅದಕ್ಕಿಂತ ಕೆಳಗಿರುವುದೇ ಹೆಚ್ಚು. ಕಾಲು ಭಾಗ ಕಡಿಮೆ ಮಾಡಿಕೊಂಡರೂ ರಾಗಿ ಮೊದಲ ಸ್ಥಾನ ಬಿಟ್ಟುಕೊಡುವುದಿಲ್ಲ.

ಭೂಮಿ ಕಡಿಮೆ, ನೀರು ಧಾರಾಳ ಎನ್ನುವವರು ಎಕರೆಯ ಲೆಕ್ಕ ನೋಡಬೇಕು. ನೀರೇ ಕಡಿಮೆ ಎನ್ನುವವರು ಲೀಟರಿನ ಲೆಕ್ಕ ನೋಡಬೇಕು. ಕೊನೆಯ ಭಾಗದ ನಾವು ಇಷ್ಟು ವರ್ಷ ತೂಬಿನ ಬುಡದವರ ಲೆಕ್ಕವನ್ನು ಎರವಲು ತಂದು ಬೇಸಾಯ ಮಾಡಿದೆವು ಎಂಬುದು ನನ್ನ ಕೊರಗು.

ಕಬ್ಬು: ಬಿಟ್ಟು ಹೋಗಬಹುದಾದ ಬೆಳೆ

ಕಬ್ಬನ್ನು ಹೀಗಳೆಯುವುದು ಸುಲಭ, ನ್ಯಾಯವಲ್ಲ. ಈ ಜಿಲ್ಲೆ ಕಣ್ಣು ಬಿಟ್ಟದ್ದೇ ಕಬ್ಬಿನಿಂದ. 1911ರಲ್ಲಿ ಕನ್ನಂಬಾಡಿಯ ಕೆಲಸ ಶುರುವಾಯಿತು, ಆಮೇಲೆ ನಾಲೆ ಬಂತು. 1933ರಲ್ಲಿ ಮಂಡ್ಯದ ಸಕ್ಕರೆ ಕಾರ್ಖಾನೆ ಬಂತು. ಅದರ ಹಿಂದೆ ದುಡಿದವರು ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್. ಒಣಭೂಮಿಯ ಬಡತನ ನೀಗಲು ನೀರು, ಬೆಳೆ, ಕಾರ್ಖಾನೆ ಮೂರನ್ನೂ ಒಟ್ಟಿಗೆ ಯೋಚಿಸಿದ ಆ ಕಾಲದ ಜನರಿಗೆ ನಾವು ಋಣಿಗಳು.

ಕಬ್ಬಿನ ದೊಡ್ಡ ಗುಣವೆಂದರೆ ಅದಕ್ಕೆ ದಿನನಿತ್ಯದ ಕಾವಲು ಬೇಡ. ಮಕ್ಕಳು ಬೆಂಗಳೂರಿನಲ್ಲಿದ್ದು, ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದರೆ ಇದಕ್ಕಿಂತ ಅನುಕೂಲದ ಬೆಳೆ ಇಲ್ಲ. ಒಂದು ಸಲ ನಾಟಿ, ಆಮೇಲೆ ಎರಡು ಕೂಳೆ. ಕಾರ್ಖಾನೆ ಕೈಕೊಟ್ಟರೆ ಆಲೆಮನೆ ಇದೆ.

ದೋಷ ಇರುವುದು ಹಣ ಬರುವ ಹೊತ್ತಿನಲ್ಲಿ. ವರ್ಷಕ್ಕೊಂದೇ ಸಲ ಬರುವ ಹಣ ಅದು. ಕಟಾವಿನ ಸರದಿ ತಡವಾದರೆ ಕಬ್ಬು ಸೂಲಂಗಿ (ಹೂ) ಬಿಟ್ಟು ತೂಕ ಇಳಿಯುತ್ತದೆ. ಕಬ್ಬು ಸರಬರಾಜಾದ 14 ದಿನಗಳಲ್ಲಿ ಹಣ ಕೊಡಬೇಕು, ತಡವಾದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ನಮಗೆ ಒಮ್ಮೆ ಒಂದು ಕಾರ್ಖಾನೆಯಿಂದ ಹಣ ಬರಲು ಏಳು ತಿಂಗಳು ಹಿಡಿಯಿತು. ಬಡ್ಡಿಯ ಸುದ್ದಿಯೇ ಇರಲಿಲ್ಲ. ಆ ಏಳು ತಿಂಗಳಲ್ಲಿ ತಂಗಿಯ ಹೆರಿಗೆ, ಅಪ್ಪನ ಕಣ್ಣಿನ ಶಸ್ತ್ರಚಿಕಿತ್ಸೆ ಎರಡೂ ಕೈಸಾಲದಲ್ಲಿ ನಡೆದವು. ಕಾರ್ಖಾನೆಯ ಹಣ ಬಂದ ದಿನ ಅದು ನಮ್ಮ ಹಣವಾಗಿ ಉಳಿದಿರಲಿಲ್ಲ.

ಇದು ನಮ್ಮ ಒಂದು ಮನೆಯ ಕಥೆಯಲ್ಲ. ರಾಜಸ್ಥಾನ, ಗುಜರಾತ್, ಆಂಧ್ರಪ್ರದೇಶ, ಕೀನ್ಯಾ, ಉಗಾಂಡ, ಪೆರುವಿನ ಹಳ್ಳಿಗಳಲ್ಲಿ ಅನಿರುದ್ಧ ಕೃಷ್ಣ ಎಂಬ ಸಂಶೋಧಕರು ಮನೆ ಮನೆಯ ಇತಿಹಾಸ ಕೇಳಿ ಮಾಡಿದ ಅಧ್ಯಯನಗಳಲ್ಲಿ, ಚೆನ್ನಾಗಿದ್ದ ಕುಟುಂಬಗಳು ಬಡತನಕ್ಕೆ ಜಾರಲು ಮತ್ತೆ ಮತ್ತೆ ಕಂಡ ಮುಖ್ಯ ಕಾರಣ ಕಾಯಿಲೆ ಮತ್ತು ಅದರ ಖರ್ಚು. ಕಾಯಿಲೆ ಕಟಾವಿನ ತನಕ ಕಾಯುವುದಿಲ್ಲ. ಹಾಗಾಗಿ ಎಷ್ಟು ಹಣ ಎಂಬಷ್ಟೇ ಯಾವಾಗ ಹಣ ಎಂಬುದೂ ಬೆಳೆಯ ಆಯ್ಕೆಯಲ್ಲಿ ಲೆಕ್ಕಕ್ಕೆ ಬರಬೇಕು.

ಕಬ್ಬನ್ನೇ ಬೆಳೆಯುವುದಾದರೆ ತರಗನ್ನು ಸುಡಬೇಡಿ. ಸಾಲಿನ ನಡುವೆ ಹಾಸಿದರೆ ನೆಲದ ತೇವ ಉಳಿಯುತ್ತದೆ. ಕೊಳವೆಬಾವಿ ಇರುವವರು ಜೋಡಿ ಸಾಲು ಮಾಡಿ ಹನಿ ನೀರಾವರಿಗೆ ಹೋಗಲಿ. ತಳಿಯಲ್ಲಿ ಹಳೆಯ ಸಿಒ 62175 ಜೊತೆಗೆ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರವಾದ ವಿ.ಸಿ. ಫಾರಂ ಹೊರತಂದ ವಿಸಿಎಫ್ 0517 ಅನ್ನೂ ಸ್ವಲ್ಪ ಜಾಗದಲ್ಲಿ ಹಾಕಿ ನೋಡಿ.

ಭತ್ತ: ನೀರು ನಿಲ್ಲಿಸಲೇಬೇಕೆ?

ಗದ್ದೆಯಲ್ಲಿ ನೀರು ಕಾಣದಿದ್ದರೆ ನಮ್ಮ ಹಿರಿಯರಿಗೆ ನಿದ್ದೆ ಬರುತ್ತಿರಲಿಲ್ಲ. ಆದರೆ ನಿಂತ ನೀರು ಭತ್ತಕ್ಕಿಂತ ಹೆಚ್ಚಾಗಿ ಕಳೆಯನ್ನು ಹತ್ತಿಕ್ಕಲು ಇರುವುದು. ಫಿಲಿಪ್ಪೀನ್ಸ್‌ನಲ್ಲಿ 1960ರಲ್ಲಿ ಶುರುವಾದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದಕ್ಕೆ ಒಂದು ಸರಳ ಸಾಧನ ಕೊಟ್ಟಿದೆ: ಸುಮಾರು 30 ಸೆಂಟಿಮೀಟರ್ ಉದ್ದದ ಕೊಳವೆ, ಕೆಳಗಿನ ಅರ್ಧಕ್ಕೆ ತೂತು. ತೂತಿರುವ ಭಾಗವನ್ನು ಗದ್ದೆಯೊಳಗೆ ಹೂತು ಒಳಗಿನ ಮಣ್ಣು ತೆಗೆದರೆ ನೆಲದಡಿಯ ನೀರಿನ ಮಟ್ಟ ಕಣ್ಣಿಗೆ ಕಾಣುತ್ತದೆ. ನಾಟಿಯಾದ ಎರಡು ವಾರದ ನಂತರ, ನೀರು ನೆಲಮಟ್ಟಕ್ಕಿಂತ 15 ಸೆಂಟಿಮೀಟರ್ ಕೆಳಗಿಳಿದಾಗ ಮತ್ತೆ ನೀರು ಹಾಯಿಸುವುದು. ಹೂ ಬಿಡುವ ಮೊದಲ ಒಂದು ವಾರ ಮತ್ತು ಆನಂತರದ ಒಂದು ವಾರ ಮಾತ್ರ ನೀರು ನಿಂತಿರಲಿ. ಇಳುವರಿ ಕೆಡದೆ ಶೇ 30ರವರೆಗೆ ನೀರು ಉಳಿಯುತ್ತದೆ, ಗದ್ದೆಯಿಂದ ಹೊರಡುವ ಮೀಥೇನ್ ಅನಿಲವೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಬೇರೆ ಖರ್ಚಿಲ್ಲ, ಒಂದು ತುಂಡು ಪಿವಿಸಿ ಪೈಪು.

ಹಾಗಿದ್ದರೆ ಎಲ್ಲರೂ ಏಕೆ ಮಾಡುತ್ತಿಲ್ಲ? ನಮ್ಮಲ್ಲಿ ನೀರು ಕಟ್ಟಿನ ಲೆಕ್ಕದಲ್ಲಿ ಬರುತ್ತದೆ. ಕೆಲವು ದಿನ ಬಿಡುತ್ತಾರೆ, ಕೆಲವು ದಿನ ನಿಲ್ಲಿಸುತ್ತಾರೆ. ಮುಂದಿನ ಕಟ್ಟು ಬಂದೇ ಬರುತ್ತದೆ ಎಂಬ ನಂಬಿಕೆ ಇಲ್ಲದವನು ಇಂದು ಸಿಕ್ಕ ನೀರನ್ನು ಬದುವಿನ ತುದಿಯವರೆಗೆ ತುಂಬಿಸಿಕೊಳ್ಳುತ್ತಾನೆ. ನಾನಾದರೂ ಅದನ್ನೇ ಮಾಡುತ್ತೇನೆ. ಮೇಲಿನವರು ನೀರು ಉಳಿಸಿದರೆ ಲಾಭ ಕೆಳಗಿನವರಿಗೆ, ಉಳಿಸಿದವರಿಗೆ ಏನೂ ಇಲ್ಲ. ನೀರಿನ ಕರ ಎಕರೆಗೆ ಹಾಕುತ್ತಾರೆಯೇ ಹೊರತು ಲೀಟರಿಗಲ್ಲ. ಆದ್ದರಿಂದ ಈ ಪದ್ಧತಿ ಕೊಳವೆಬಾವಿಯ ಗದ್ದೆಗೆ ಇಂದೇ ಸರಿಹೊಂದುತ್ತದೆ. ನಾಲೆಯ ಗದ್ದೆಗೆ ಹೊಂದಬೇಕಾದರೆ ಒಂದು ತೂಬಿನ ರೈತರೆಲ್ಲ, ನೀರು ಹಂಚುವ ನೀರುಗಂಟಿಯೂ ಸೇರಿ, ಕೂತು ಮಾತನಾಡಬೇಕು.

ಇನ್ನೊಂದು ದಾರಿ ಒಣಮಣ್ಣಿಗೇ ಬಿತ್ತಿ ಬೆಳೆಯುವ ಏರೋಬಿಕ್ ಭತ್ತ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಶೈಲಜಾ ಹಿತ್ತಲಮನಿ ಅವರ ತಂಡ ಇದಕ್ಕಾಗಿಯೇ ಎಂಎಎಸ್ 946-1 ತಳಿ ರೂಪಿಸಿತು. ಅದು 2007ರಲ್ಲಿ ಬಿಡುಗಡೆಯಾಯಿತು. ಒಟ್ಟಲು (ಸಸಿಮಡಿ), ಕೆಸರು, ನಾಟಿ ಯಾವುದೂ ಬೇಡ. ಕಳೆ ಮಾತ್ರ ಬೆನ್ನುಹತ್ತುತ್ತದೆ, ಮೊದಲ ಒಂದೂವರೆ ತಿಂಗಳು ಬಿಡದೆ ಕಿತ್ತರೆ ಗೆಲುವು. ಮಡಗಾಸ್ಕರ್‌ನಲ್ಲಿ 1980ರ ದಶಕದಲ್ಲಿ ಹುಟ್ಟಿದ, ಎಳೆಯ ಪೈರನ್ನು ಒಂದೊಂದಾಗಿ ದೂರ ದೂರ ನೆಡುವ ಶ್ರೀ ಪದ್ಧತಿಯೂ ಒಳ್ಳೆಯದೇ. ಆಳು ಸಿಗದ ನಮ್ಮ ಊರುಗಳಲ್ಲಿ ಅದು ಅರ್ಧ ಎಕರೆಗೆ ಮಾತ್ರ ಎಂದು ನನ್ನ ಅನುಭವ.

ರಾಗಿ ಮತ್ತು ಎರಡು ಹಸು

ನನ್ನ ಒಲವು ಇತ್ತ ಕಡೆ, ಮುಚ್ಚಿಡುವುದಿಲ್ಲ.

ರಾಗಿಯನ್ನು ನಾವು ನಮ್ಮದೇ ಎಂದುಕೊಂಡಿದ್ದರೂ ಅದು ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದ ಎತ್ತರದ ನೆಲದಿಂದ ಬಂದ ಧಾನ್ಯ. ಇಲ್ಲೇ ವಿ.ಸಿ. ಫಾರಂನಲ್ಲಿ ದುಡಿದ ಲಕ್ಷ್ಮಣಯ್ಯನವರು ಆ ಹಳೆಯ ನೆಂಟಸ್ತಿಕೆಯನ್ನು ಮತ್ತೆ ಕೂಡಿಸಿದರು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಹೂವಿನ ಬೆಳೆಯಲ್ಲಿ ಭಾರತದ ತಳಿಗೆ ಆಫ್ರಿಕಾದ ತಳಿಯನ್ನು ಸೇರಿಸಿ ಇಂಡಾಫ್ ತಳಿಗಳನ್ನು ಕೊಟ್ಟರು. ಹೆಸರಿನಲ್ಲೇ ಇಂಡಿಯಾ ಮತ್ತು ಆಫ್ರಿಕಾ ಎರಡೂ ಇವೆ. ನಮ್ಮ ಅಜ್ಜಿಯ ಕಾಲದಲ್ಲಿ ಖಂಡುಗಕ್ಕೆ ಪರದಾಡುತ್ತಿದ್ದ ಹೊಲಗಳು ಕಣ ತುಂಬಿಸಿದ್ದು ಆಮೇಲೆ. ಜನ ಅವರನ್ನು ರಾಗಿ ಲಕ್ಷ್ಮಣಯ್ಯ ಎಂದೇ ಕರೆದರು. ಈಗ ಬೆಂಕಿ ರೋಗ ತಡೆಯುವ ಜಿಪಿಯು-28, ಮಂಡ್ಯದ್ದೇ ಆದ ಕೆಎಂಆರ್-301 ಇವೆ; ಮಳೆ ತಡವಾದರೆ ನೂರು ದಿನದೊಳಗೆ ಬರುವ ಜಿಪಿಯು-48 ಇದೆ.

ರಾಗಿ ಒಂದೇ ಆದರೆ ಸಾಲದು. ಅದರ ಬೆಲೆ ತಿಳಿಯುವುದು ಹುಲ್ಲಿನಲ್ಲಿ. ಹಸು ದಿನಕ್ಕೆ 60ರಿಂದ 80 ಲೀಟರ್ ನೀರು ಕುಡಿಯುತ್ತದೆ ಎಂದು ಗಾಬರಿಯಾಗುವವರಿದ್ದಾರೆ. ನಿಜವಾದ ನೀರು ಇರುವುದು ಮೇವಿನಲ್ಲಿ: ಅದು ಕುಡಿಯುವ ನೀರಿನ ಐವತ್ತರಿಂದ ನೂರು ಪಟ್ಟು ಎಂದು ನೀರು ಮತ್ತು ಜಾನುವಾರುಗಳ ಬಗ್ಗೆ ಅಧ್ಯಯನ ಮಾಡಿದವರು ಅಂದಾಜಿಸಿದ್ದಾರೆ. ಹಾಗಾಗಿ ಹಾಲಿಗಾಗಿಯೇ ನೀರು ಹಾಯಿಸಿ ಬೆಳೆದ ಮೇವು ದುಬಾರಿ; ಕಾಳಿಗಾಗಿ ಬೆಳೆದ ಬೆಳೆಯ ಹುಲ್ಲಿಗೆ ಬೇರೆ ನೀರು ಬೇಕಿಲ್ಲ. ನೈರೋಬಿಯಲ್ಲಿ ಕೇಂದ್ರ ಕಚೇರಿ ಇರುವ ಅಂತರರಾಷ್ಟ್ರೀಯ ಜಾನುವಾರು ಸಂಶೋಧನಾ ಸಂಸ್ಥೆಯವರು ಹೈದರಾಬಾದಿನ ಬಳಿಯ ಪಟಾನ್‌ಚೆರುವಿನಲ್ಲಿ ವರ್ಷಗಟ್ಟಲೆ ಹೇಳಿದ್ದು ಇದನ್ನೇ: ತಳಿ ಆರಿಸುವಾಗ ಕಾಳನ್ನಷ್ಟೇ ತೂಗಬೇಡಿ, ಹುಲ್ಲಿನ ಗುಣವನ್ನೂ ನೋಡಿ, ಬಡವನ ಹಸು ತಿನ್ನುವುದು ಅದನ್ನೇ. ಭತ್ತದ ಹುಲ್ಲಿನಲ್ಲಿ ಸಿಲಿಕಾ ಹೆಚ್ಚು, ಅರಗುವುದು ಕಡಿಮೆ. ರಾಗಿ ಹುಲ್ಲು ಮೆದು, ಸುಣ್ಣದ ಅಂಶ ಹೆಚ್ಚು. ಎರಡನ್ನೂ ಮುಂದಿಟ್ಟರೆ ಹಸುವೇ ತೀರ್ಪು ಹೇಳುತ್ತದೆ.

ಎಕರೆಗೆ ಎರಡು ಟನ್ ಹುಲ್ಲು ಬಂದರೆ, ದಿನಕ್ಕೆ ಆರು ಕೆ.ಜಿ.ಯಂತೆ ಒಂದು ಹಸುವಿಗೆ ಹನ್ನೊಂದು ತಿಂಗಳು ಆಗುತ್ತದೆ. ಜೊತೆಗೆ ಹಸಿಮೇವು ದಿನಕ್ಕೆ 20–25 ಕೆ.ಜಿ. ಬೇಕು. ಹತ್ತು ಗುಂಟೆಯಲ್ಲಿ ನೇಪಿಯರ್ ಹುಲ್ಲು ಹಾಕಿ ಕೊಟ್ಟಿಗೆಯ ತೊಳೆದ ನೀರನ್ನು ಅದಕ್ಕೇ ತಿರುಗಿಸಿದರೆ ಎರಡು ಹಸುವಿಗೆ ಸಾಕು. ಪಶು ಆಹಾರವನ್ನು ಕಣ್ಣಳತೆಯಲ್ಲಿ ಹಾಕಬೇಡಿ: ಮೈಗೆ ಒಂದೂವರೆ ಕೆ.ಜಿ., ಕರೆಯುವ ಪ್ರತಿ ಲೀಟರಿಗೆ 400 ಗ್ರಾಂ. ಲಾಭ ಸೋರಿ ಹೋಗುವುದು ಇಲ್ಲಿಯೇ. ಡೇರಿಯ ಹಣದ ಜೊತೆಗೆ ಲೀಟರಿಗೆ ಇಷ್ಟು ಎಂದು ಸರ್ಕಾರದ ಪ್ರೋತ್ಸಾಹಧನವಿದೆ. ಅದು ತಡವಾಗಿ ಬರುವುದೂ ಉಂಟು, ತಿಂಗಳ ಖರ್ಚಿಗೆ ಅದನ್ನು ನಂಬಬೇಡಿ.

ಕಷ್ಟವನ್ನೂ ಹೇಳಬೇಕು. ಹಸುವಿಗೆ ಭಾನುವಾರವಿಲ್ಲ, ಹಬ್ಬವಿಲ್ಲ. ಬೆಳಿಗ್ಗೆ ಐದಕ್ಕೆ ಏಳುವವರು ಮನೆಯಲ್ಲಿ ಯಾರು ಎಂದು ಕೇಳಿಕೊಳ್ಳಿ. ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ಉತ್ತರ ಹೆಂಗಸರು. ಹಾಗಾದರೆ ಡೇರಿಯ ಸದಸ್ಯತ್ವ, ಬ್ಯಾಂಕ್ ಖಾತೆ ಅವರ ಹೆಸರಿನಲ್ಲೇ ಇರಲಿ. ಕೆಚ್ಚಲು ಬಾವು ಒಂದು ತಿಂಗಳ ಹಾಲನ್ನು ನುಂಗುತ್ತದೆ. ಚರ್ಮಗಂಟು ರೋಗ ಬಂದಾಗ ಕೊಟ್ಟಿಗೆಗಳಲ್ಲಿ ಕೇಳಿದ ಅಳುವನ್ನು ಮರೆತಿಲ್ಲ. ವಿಮೆ, ಕಿವಿಯೋಲೆ, ಲಸಿಕೆ ಇಲ್ಲದೆ ಹಸು ತರಬೇಡಿ. ಸಾಲ ಸಿಗುತ್ತದೆಂದು ನಾಲ್ಕು ಸೀಮೆ ಹಸು ಕಟ್ಟಿ ಮೇವನ್ನು ಕೊಂಡು ಹಾಕಿದವರು ಎರಡೇ ವರ್ಷದಲ್ಲಿ ಮಾರಿದ್ದನ್ನು ಕಂಡಿದ್ದೇನೆ. ನಿಮ್ಮ ಹುಲ್ಲು ಎಷ್ಟಕ್ಕೆ ಸಾಕೋ ಅಷ್ಟೇ ಹಸು.

ಭೂಮಿಯೇ ಇಲ್ಲದವರಿಗೆ, ಹತ್ತಿಪ್ಪತ್ತು ಗುಂಟೆಯವರಿಗೆ ಹಸುವಿಗಿಂತ ನಾಲ್ಕೈದು ಕುರಿ ಮೇಲು. ಮಳವಳ್ಳಿ ತಾಲ್ಲೂಕಿನ ಬಂಡೂರಿನ ಹೆಸರು ಹೊತ್ತ ಕುರಿ ಗಿಡ್ಡ, ಬೆಳೆಯುವುದು ನಿಧಾನ, ಆದರೆ ಮಾಂಸಕ್ಕೆ ಎಲ್ಲೆಡೆ ಬೇಡಿಕೆ. ಕಷ್ಟ ಬಂದ ದಿನ ಒಂದನ್ನು ಮಾರಬಹುದು. ಹಸುವಿನ ಕಾಲನ್ನು ಮಾರಲಾಗದು. ಕಡುಬಡವರಿಗೆ ಜಾನುವಾರು, ತರಬೇತಿ, ಕೆಲವು ತಿಂಗಳ ಊಟದ ಖರ್ಚು ಮೂರನ್ನೂ ಒಟ್ಟಿಗೆ ಕೊಟ್ಟು ನೋಡಿದ ಪ್ರಯೋಗವೊಂದು ಭಾರತವೂ ಸೇರಿ ಆರು ದೇಶಗಳಲ್ಲಿ ನಡೆಯಿತು. 2015ರಲ್ಲಿ ಅದರ ಫಲಿತಾಂಶ ಬಂತು. ಬಹುತೇಕ ಕಡೆ ಕುಟುಂಬಗಳು ಚೇತರಿಸಿದ್ದವು. ಹೊಂಡುರಾಸ್‌ನಲ್ಲಿ ಅನೇಕರು ಕೋಳಿ ಆರಿಸಿಕೊಂಡಿದ್ದರು, ರೋಗ ಬಂದು ಅವು ಸತ್ತವು. ಲಸಿಕೆ ಹಾಕುವವರು ಊರಿಗೆ ಬರುತ್ತಾರೆಯೇ ಎಂದು ತಿಳಿದುಕೊಂಡ ಮೇಲೆ ಪ್ರಾಣಿ ಆರಿಸಿ ಎಂದು ನಾನು ಹೇಳುವುದು ಅದಕ್ಕೇ.

ರೇಷ್ಮೆ

ನೆರಳಿನ ಮನೆ, ದುಡಿಯುವ ಎರಡು ಜೊತೆ ಕೈ, ಸಣ್ಣದಾದರೂ ನಂಬಬಹುದಾದ ಕೊಳವೆಬಾವಿ ಇದ್ದರೆ ಇದು ನಾಲ್ಕರಲ್ಲಿ ಬೇಗ ದುಡ್ಡು ಕಾಣಿಸುವ ದಾರಿ. ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಮತ್ತು ತರಬೇತಿ ಸಂಸ್ಥೆ 1997ರಲ್ಲಿ ಕೊಟ್ಟ ವಿ-1 ಹಿಪ್ಪುನೇರಳೆ ಎಕರೆಗೆ ವರ್ಷಕ್ಕೆ 24 ಟನ್ ಹತ್ತಿರ ಸೊಪ್ಪು ಕೊಡಬಲ್ಲದು, ವರ್ಷಕ್ಕೆ ಐದು ಬೆಳೆ ತೆಗೆಯಬಹುದು. ಚಾಕಿ ಹುಳು, ಅಂದರೆ ಬೇರೆಡೆ ಸಾಕಿ ಕೊಡುವ ಎಳೆಯ ಹುಳು, ತಂದರೆ ಮನೆಯಲ್ಲಿ ಸಾಕುವುದು ಮೂರು ವಾರದ ಆಸುಪಾಸು. ನಾಲ್ಕನೇ ಜ್ವರ (ಪೊರೆ ಬಿಡುವ ಹಂತ) ಎದ್ದ ಮೇಲೆ ಹುಳು ತಿನ್ನುವುದೇ ಒಟ್ಟು ಸೊಪ್ಪಿನ ಶೇ 80ಕ್ಕೂ ಹೆಚ್ಚು. ಆ ಎಂಟು ದಿನ ಮನೆಯಲ್ಲಿ ಮದುವೆಯಿದ್ದರೂ ಹುಳುವಿನ ಮನೆ ಬಿಡುವಂತಿಲ್ಲ.

ಗೂಡಿನ ಬೆಲೆ ಏರಿಳಿಯುತ್ತದೆ, ರಾಮನಗರದ ಮಾರುಕಟ್ಟೆಯಲ್ಲಿ ಒಂದು ವಾರದ ಬೆಲೆ ಮುಂದಿನ ವಾರ ಇರುವುದಿಲ್ಲ. ಪಕ್ಕದ ಗದ್ದೆಯವರು ಕೀಟನಾಶಕ ಹೊಡೆದರೆ ನಿಮ್ಮ ಸೊಪ್ಪು ವಿಷ. ಸುತ್ತ ಭತ್ತ, ತರಕಾರಿ ಇರುವ ಜಾಗದಲ್ಲಿ ಇದನ್ನು ಹಾಕಬೇಡಿ.

ನಾನಾದರೆ

ಕೊನೆಯ ಭಾಗದ ಎರಡು ಎಕರೆ, ಒಂದು ಸಾಧಾರಣ ಕೊಳವೆಬಾವಿ, ಮನೆಯಲ್ಲಿ ದುಡಿಯುವ ಇಬ್ಬರು ಇದ್ದರೆ: ಒಂದು ಎಕರೆ ರಾಗಿ, ಸಾಲಿನ ನಡುವೆ ಅವರೆ, ಎರಡು ಹಸು, ಕೊಟ್ಟಿಗೆಯ ಪಕ್ಕ ಹತ್ತು ಗುಂಟೆ ಹಸಿಮೇವು, ಉಳಿದ ಮೂವತ್ತು ಗುಂಟೆಗೆ ನೀರಾವರಿ ಸಲಹಾ ಸಮಿತಿಯ ತೀರ್ಮಾನ ಬರುವ ತನಕ ಒಟ್ಟಲು ಬಿಡುವುದಿಲ್ಲ. ನೀರು ಬಿಡುತ್ತಾರೆಂದರೆ ಭತ್ತ, ಇಲ್ಲವೆಂದರೆ ಅಲ್ಲಿಯೂ ರಾಗಿ. ದುಡಿಯುವವರು ಒಬ್ಬರೇ ಆದರೆ ಒಂದೇ ಹಸು. ಮನೆಯಲ್ಲಿ ವಯಸ್ಸಾದವರಷ್ಟೇ ಇದ್ದು ತೂಬು ಹತ್ತಿರವಿದ್ದರೆ ಕಬ್ಬು ಹಾಕಿ, ತಪ್ಪಿಲ್ಲ. ಕೆಳಗಿನ ಗದ್ದೆ ಜೌಗು ಹಿಡಿದು ಚೌಳು ಕಾಣಿಸಿಕೊಂಡಿದ್ದರೆ ಮೊದಲು ಬಸಿಗಾಲುವೆ ತೋಡಿ, ಆಮೇಲೆ ಬೆಳೆಯ ಮಾತು.

ನಮ್ಮ ಮನೆಯಲ್ಲಿ ಈ ಲೆಕ್ಕವನ್ನೆಲ್ಲ ಅಪ್ಪನ ಮುಂದೆ ಚೀಟಿಯಲ್ಲಿ ಬರೆದಿಟ್ಟಾಗ ಅವರು ಬಹಳ ಹೊತ್ತು ನೋಡಿದರು. ರಾಗಿಗೆ ಒಪ್ಪಿದರು, ಹಸುವಿಗೂ ಒಪ್ಪಿದರು. ನಾಲೆಯ ಮಗ್ಗುಲಿನ ಐದು ಗುಂಟೆ ಮಾತ್ರ ಕಬ್ಬೇ ಇರಲಿ, ಸಂಕ್ರಾಂತಿಗೆ ಬೇರೆಯವರ ಗದ್ದೆಯ ಜಲ್ಲೆ ತರಲಾರೆ ಎಂದರು. ಇರಲಿ ಎಂದೆವು. ಅದರ ಸೋಗೆ ಈಗ ಹಸುವಿಗೆ ಹೋಗುತ್ತದೆ.